12.5 ಸೆಂಟಿಮೀಟರ್

ಆ ಸ್ಕೇಲು ಅವನ ಹತ್ತಿರ ಎಲ್ಲಿಂದ ಬಂತು, ಮೊದಲು ಅದನ್ನು ಯಾರಾದರೂ ಹೇಳಿ. ಮೀನು ಇಳಿಸುವ ದಕ್ಕೆಯಲ್ಲಿ ಏಲಂ ಹೇಳುವವನ ಮೇಜಿನ ಮೇಲೆ ಸ್ಕೇಲಿಗೆ ಏನು ಕೆಲಸ? ಲೆಕ್ಕದ ಪುಸ್ತಕ ಇರಲಿ, ಕ್ಯಾಲ್ಕುಲೇಟರ್ ಇರಲಿ, ಎಲೆಯಡಿಕೆ ಡಬ್ಬಿ ಇರಲಿ. ಹಸಿರು ಬಣ್ಣದ್ದು, ಒಂದು ಮೂಲೆ ಮುರಿದದ್ದು, ಶಾಲೆ ಮಕ್ಕಳ ಪ್ಲಾಸ್ಟಿಕ್ ಸ್ಕೇಲು. ಬೆಳಗ್ಗೆಯಿಂದ ಕಣ್ಣು ಮುಚ್ಚಿದರೆ ಅದೇ ಕಾಣುತ್ತಿದೆ.

ಹನ್ನೊಂದು ದಿನ ಆದ ಮೇಲೆ ಇವತ್ತು ಕಡಲಿಗೆ ಇಳಿದದ್ದು ನಾವು. ಹನ್ನೊಂದು ದಿನ ದೋಣಿ ದಡದಲ್ಲೇ ಇತ್ತು. ಗಾಳಿ, ಮಳೆ, ಅದರ ಮೇಲೆ ಮೊಬೈಲಿಗೆ ಬರುವ ಎಚ್ಚರಿಕೆ. ಎಚ್ಚರಿಕೆ ಇದ್ದ ಎರಡು ದಿನ ಕಡಲು ಕೆರೆ ಹಾಗೆ ಬಿದ್ದುಕೊಂಡಿತ್ತು. ಎಚ್ಚರಿಕೆ ತೆಗೆದ ದಿನ ಹೊಳೆ ಕಡಲು ಸೇರುವ ಅಳಿವೆ ಬಾಗಿಲಲ್ಲಿ ಅಲೆ ಎದ್ದು ನಿಂತಿತ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ದೊಡ್ಡ ಬೋಟುಗಳಿಗೆ ರಜೆ, ಆಗ ಕಡಲು ನಾಡದೋಣಿಯವರದ್ದು ಅಂತ ಎಲ್ಲರೂ ಹೇಳುತ್ತಾರೆ. ಹೌದು ಸ್ವಾಮಿ, ನಮ್ಮದೇ. ಅಳಿವೆ ದಾಟಲಿಕ್ಕಾಗದ ಕಡಲು ನಮ್ಮದು. ಅದು ಸ್ವಲ್ಪ ತಣ್ಣಗಾಗುವ ಹೊತ್ತಿಗೆ ಆಗಸ್ಟ್ ಬಂದಿರುತ್ತದೆ, ಅವರೂ ಬಂದಿರುತ್ತಾರೆ.

ಈ ಹನ್ನೊಂದು ದಿನ ಬರೀ ಸುದ್ದಿ ಕೇಳಿದ್ದೇ ಆಯಿತು. ಮಲ್ಪೆ ಕಡೆ ಬೂತಾಯಿ ಮೀನು ಬಿತ್ತಂತೆ. ಭಟ್ಕಳದಲ್ಲಿ ಸಿಗಡಿಯಂತೆ. ಮರವಂತೆಯಲ್ಲಿ ದಡದಿಂದಲೇ ಎಳೆಯುವ ಕೈರಂಪಣಿ ಬಲೆಗೂ ಏನೋ ಸಿಕ್ಕಿತಂತೆ. ನಮಗೆ ಸಿಕ್ಕಿದ್ದು ಬರೀ ಅಂತೆ. ಇವತ್ತು ಮೊದಲ ಸಲ ಬಲೆ ಬಿಟ್ಟಾಗ ಜೆಲ್ಲಿ ಮೀನು. ಬಲೆ ಪೂರ್ತಿ ಲೋಳೆ, ಕೈಯೆಲ್ಲ ಉರಿ, ಈಗ ಬರೆಯುವಾಗಲೂ ತುರಿಸುತ್ತಿದೆ. ಎರಡನೇ ಸಲಕ್ಕೆ ಹಕ್ಕಿಗಳು ಒಂದೇ ಕಡೆ ಬೀಳುತ್ತಿದ್ದವು, ನೀರು ಕಪ್ಪಗೆ ಕಂಡಿತು, ಮಾವ ಏನೂ ಮಾತಾಡದೆ ಕೈ ಎತ್ತಿದರು. ಬಲೆ ಎಳೆಯುವಾಗ ಭಾರ ಇತ್ತು. ಆ ಭಾರ ಕೈಗೆ ಬಂದಾಗ ಆಗುವ ಖುಷಿ ಇದೆಯಲ್ಲ, ಅದನ್ನು ಹೇಳಲಿಕ್ಕೆ ಬರುವುದಿಲ್ಲ. ನಾನು ಅಲ್ಲೇ ಫೋಟೋ ತೆಗೆದು, ದಡಕ್ಕೆ ಹತ್ತಿರ ಬಂದು ಸಿಗ್ನಲ್ ಸಿಕ್ಕಿದ ಕೂಡಲೇ ವಾಟ್ಸಾಪ್ ಸ್ಟೇಟಸ್ ಹಾಕಿದೆ. "ಕಡಲಮ್ಮ ಕೊಟ್ಟಳು." ಮೂರು ಕೈ ಮುಗಿಯುವ ಚಿಹ್ನೆ ಬೇರೆ. ಅದನ್ನು ಇನ್ನೂ ಅಳಿಸಿಲ್ಲ, ಅಳಿಸಿದರೆ ಯಾಕೆ ಅಳಿಸಿದೆ ಅಂತ ಕೇಳುವವರಿದ್ದಾರೆ.

ಬಂಗುಡೆ. ಸುಮಾರು 300 ಕಿಲೋ. ಸಣ್ಣದು ಅಂತ ನನಗೂ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ.

ದಕ್ಕೆಯಲ್ಲಿ ಬುಟ್ಟಿ ಸುರಿದೆವು. ಏಲಂ ಹೇಳುವವನು ಬಂದ, ಒಂದು ಬಂಗುಡೆ ಎತ್ತಿದ, ನನ್ನ ಮುಖ ನೋಡಿದ. ಮಾವನನ್ನು ನೋಡಲಿಲ್ಲ, ನನ್ನನ್ನೇ ನೋಡಿದ. "ಹೋಯ್ ಮೇಷ್ಟ್ರೆ, ಹೋದ ವರ್ಷ ಮೀಟಿಂಗಲ್ಲಿ ಹದಿನಾಲ್ಕು ಸೆಂಟಿಮೀಟರ್ ಅಂದದ್ದು ನೀವೇ ಅಲ್ದಾ?" ಅಂದ.

ನಾನೇ. ಬಂಗುಡೆ 14 ಸೆಂಟಿಮೀಟರಿಗಿಂತ, ಬೂತಾಯಿ 10ಕ್ಕಿಂತ ಸಣ್ಣದಿದ್ದರೆ ಹಿಡಿಯಬಾರದು, ಕೊಚ್ಚಿಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐನವರು ಹೇಳಿದ ಅಳತೆ ಇದು, ಒಂದು ಸಲವಾದರೂ ಮೊಟ್ಟೆ ಇಡಲಿಕ್ಕೆ ಬಿಡಿ ಅಂತ ಕೈಯಲ್ಲಿ ಚಿತ್ರ ಹಿಡಿದು ಭಾಷಣ ಮಾಡಿದವನು ನಾನೇ. ಆವತ್ತು ಚಪ್ಪಾಳೆ ಹೊಡೆದವರು ಇವತ್ತು ಸುತ್ತ ನಿಂತಿದ್ದರು.

ಅವನು ಮೇಜಿನ ಹತ್ತಿರ ಹೋಗಿ ಆ ಸ್ಕೇಲು ತಂದ. ಬೋರಲು ಹಾಕಿದ ಕ್ರೇಟಿನ ಮೇಲೆ ಮೀನನ್ನು ಉದ್ದಕ್ಕೆ ಮಲಗಿಸಿದ. ಬಾಲ ಮಡಚಿತ್ತು. ಅದನ್ನು ಹೆಬ್ಬೆರಳಿನಿಂದ ನಿಧಾನಕ್ಕೆ ಬಿಡಿಸಿ ನೇರ ಮಾಡಿದ, ನಮಗೆ ಅನ್ಯಾಯ ಆಗಬಾರದಲ್ವಾ! ಮೂತಿಗೆ ಸರಿಯಾಗಿ ಸೊನ್ನೆ ಇಟ್ಟ. ಬಗ್ಗಿ ನೋಡಿದ. ಕನ್ನಡಕ ಹಾಕಿ ಇನ್ನೊಮ್ಮೆ ನೋಡಿದ. ಆಮೇಲೆ ಏಲಂ ಕೂಗುವ ರಾಗದಲ್ಲೇ, "ಹನ್ನೆರಡೂವರೆ, ಹನ್ನೆರಡೂವರೆ, ಹನ್ನೆರಡೂವರೆ" ಅಂದ. ದಕ್ಕೆಗೆ ದಕ್ಕೆಯೇ ನಕ್ಕಿತು. ನಮ್ಮ ಅಮ್ಮನ ಜೊತೆ ಬುಟ್ಟಿ ಹೊತ್ತು ಮೀನು ಮಾರಿದ ಅಕ್ಕ ಒಬ್ಬರು ಅಲ್ಲೇ ಇದ್ದರು, ಅವರಾದರೂ ಏನಾದರೂ ಹೇಳಬಹುದು ಅಂದುಕೊಂಡೆ. ಅವರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. "ಮೀಸೆ ಬಂದ ಮೇಲೆ ತಕಂಡ್ ಬನ್ನಿ ಮೇಷ್ಟ್ರೆ" ಅಂತ ಹಿಂದಿನಿಂದ ಯಾರೋ ಕೂಗಿದರು. ನಾನೂ ನಕ್ಕೆ. ಅದೇ ಈಗ ಸುಡುತ್ತಿರುವುದು. ಯಾಕೆ ನಕ್ಕೆ ನಾನು?

ಕಿಲೋಗೆ 24 ರೂಪಾಯಿ. ಗೊಬ್ಬರದ ರೇಟು. ಫಿಶ್‌ಮೀಲಿಗೆ ಅಂದರೆ ಮೀನಿನ ಹುಡಿ ಮಾಡಲಿಕ್ಕೆ ಹೋಗುವ ಮೀನನ್ನು ನಮ್ಮ ಕಡೆ ಗೊಬ್ಬರ ಅಂತಲೇ ಕರೆಯುವುದು. ಸೀಮೆಎಣ್ಣೆ ಖರ್ಚು, ದೋಣಿ ಬಲೆಯ ಪಾಲು ಎಲ್ಲ ಕಳೆದು ತಲೆಗೆ 310 ರೂಪಾಯಿ ಬಂತು. ಸೀಮೆಎಣ್ಣೆಯ ಕತೆ ಬೇರೆಯೇ ಇದೆ, ಅದನ್ನು ಎತ್ತಿದರೆ ಬೆಳಗಾಗುತ್ತದೆ.

ಈಗ ನನ್ನ ಪ್ರಶ್ನೆ. ನಮ್ಮಿಂದ ಇಪ್ಪತ್ತು ಹೆಜ್ಜೆ ಆಚೆ ಒಂದು ದೊಡ್ಡ ಬೋಟು ನಿಂತಿತ್ತು. ಅದರಿಂದ ಇಳಿಯುತ್ತಿದ್ದ ಬಂಗುಡೆ ನಮ್ಮದಕ್ಕಿಂತ ಒಂದು ಬೆರಳು ಸಣ್ಣದು. ಅದರ ಜೊತೆ ಇನ್ನೂ ಯಾವ ಯಾವ ಮರಿಗಳೋ, ಹೆಸರು ಹಿಡಿಯಲಿಕ್ಕೂ ಆಗದಷ್ಟು ಸಣ್ಣವು. ಏಲಂ ಕೂಡ ಇಲ್ಲ, ಏನೂ ಇಲ್ಲ, ಕ್ರೇಟಿಗೆ ಕ್ರೇಟು ಸೀದಾ ಲಾರಿಗೆ. ಇದೇ ಮನುಷ್ಯ ಅಲ್ಲಿ ನಿಂತು ಕ್ರೇಟು ಎಣಿಸಿ ಬರೆದುಕೊಂಡ. ಅಲ್ಲಿ ಸ್ಕೇಲು ಯಾಕೆ ಹೊರಗೆ ಬರಲಿಲ್ಲ? ಯಾರಾದರೂ ಉತ್ತರ ಕೊಡಿ. ನಾಲ್ಕೈದು ಕಿಲೋ ಹಸಿ ಮೀನು ಅರೆದು ಒಣಗಿಸಿದರೆ ಒಂದು ಕಿಲೋ ಹುಡಿ. ಅದಕ್ಕಾಗಿ ಕಡಲಿನ ತೊಟ್ಟಿಲನ್ನೇ ಲಾರಿಗೆ ತುಂಬುವುದು ನಡೆಯುತ್ತದೆ, ನಾಡದೋಣಿಯ ಎಂಟು ಜನ ಒಂದು ದಿನ ಸಣ್ಣ ಮೀನು ತಂದರೆ ಊರಿಗೆಲ್ಲ ಪ್ರಕೃತಿ ಪ್ರೇಮ ಬರುತ್ತದೆ. ಲೈಟ್ ಹಾಕಿ ಮೀನು ಹಿಡಿಯುವುದನ್ನು, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನು ಕೇಂದ್ರ ಸರಕಾರ 2017ರಲ್ಲೇ ನಿಷೇಧ ಮಾಡಿದೆ. ರಾತ್ರಿ ಕಡಲ ಕಡೆ ನೋಡಿ, ಜಾತ್ರೆ ಇದ್ದ ಹಾಗೆ ಕಾಣುತ್ತದೆ. ಅದನ್ನು ಅಳೆಯುವ ಸ್ಕೇಲು ಯಾರ ಮೇಜಿನ ಮೇಲಿದೆ?

ಇಷ್ಟು ಬರೆದು ನಮ್ಮ ಬಲೆಯ ಕಣ್ಣು ಎಷ್ಟು ಸಣ್ಣದು ಅಂತ ಬರೆಯದೆ ಇದ್ದರೆ ತಪ್ಪಾಗುತ್ತದೆ. ಸಣ್ಣದೇ ಇದೆ. ಬಲೆ ಅರ್ಧ ಎಳೆದಾಗಲೇ ಮೀನಿನ ಗಾತ್ರ ಕಂಡಿತ್ತು, ಜೀವ ಇರುವಾಗಲೇ ಬಿಟ್ಟುಬಿಡಬಹುದಿತ್ತು. ಮಾವ ನನ್ನ ಕಡೆ ಒಮ್ಮೆ ನೋಡಿದ್ದರು ಕೂಡ. ನಾನು ಬೇರೆ ಕಡೆ ನೋಡಿದೆ. ಹನ್ನೊಂದು ದಿನ ಕೂತವನಿಗೆ ಹದಿನಾಲ್ಕೂ ಹನ್ನೆರಡೂವರೆಯೂ ಒಂದೇ. ಹಾಗಾದರೆ ಅವನು ಅಳೆದದ್ದು ಸರಿ ಅಲ್ವಾ? ಸರಿಯೇ. ಅಲ್ಲ, ಸರಿಯಲ್ಲ. ಅಳೆಯುವುದಾದರೆ ಎಲ್ಲರದ್ದೂ ಅಳೆಯಲಿ, ಮೊದಲು ಆ ಲಾರಿ ಹತ್ತಲಿ. ಬಿಡಿ, ಯಾರೂ ಹತ್ತುವುದಿಲ್ಲ, ನಾನೂ ಹತ್ತುವುದಿಲ್ಲ.

ಮನೆಗೆ ಒಂದು ಕಿಲೋ ತಂದಿದ್ದೆ. ಹುರಿದರು. ಬರೀ ಮುಳ್ಳು. ಸ್ಟೇಟಸ್ ನೋಡಿ ಮಂಗಳೂರಿಂದ ಬಾವ ಫೋನ್ ಮಾಡಿ, "ಭರ್ಜರಿ ಬೇಟೆ ಅಂತ ಕಾಣ್ತದೆ, ಭಾನುವಾರ ಬರ್ತೇವೆ" ಅಂದರು. ಬನ್ನಿ ಅಂದೆ. ಇನ್ನೇನು ಹೇಳಲಿ?

ಇನ್ನು ಕಡಲ ಮುಖ ನೋಡುವುದಿಲ್ಲ, ಬೆಂಗಳೂರಿಗೆ ಹೋಗಿ ಹೋಟೆಲಲ್ಲಿ ಲೋಟ ತೊಳೆದರೂ ಇದಕ್ಕಿಂತ ಜಾಸ್ತಿ ಸಿಗುತ್ತದೆ ಅಂತ ಹೆಂಡತಿ ಹತ್ತಿರ ಹೇಳುತ್ತಿದ್ದೆ. ಆಗಲೇ ಮಾವನ ಫೋನು. ಗಾಳಿ ತಗ್ಗಿದೆ, ಮೂರು ಗಂಟೆಗೆ ಬಾ ಅಂದರು. ಬರುವುದಿಲ್ಲ ಅಂದೆ. ಅವರು ಏನೂ ಹೇಳದೆ ಇಟ್ಟರು. ಐದು ನಿಮಿಷ ಬಿಟ್ಟು ನಾನೇ ಫೋನ್ ಮಾಡಿ, ಬುತ್ತಿ ನಾನು ತರಬೇಕಾ ಅಂತ ಕೇಳಿದೆ.