ಹಿಡಿ ಒಂದು, ಕೈ ನಾಲ್ಕು

ನಮ್ಮ ಕಡೆ ಕುಲುಮೆಯಲ್ಲಿ ಕತ್ತಿ ಮಾಡಿಸಿದರೆ ಸಿಗುವುದು ಅಲಗು ಮಾತ್ರ. ಹಿಡಿ ನಿಮ್ಮ ನಿಮ್ಮ ಪಾಡು. ಲಾರಿಯ ಕಮಾನು ಪಟ್ಟಿ ಬಡಿದು ಮಾಡಿದ ಅಲಗನ್ನು ಕೈಗಿಡುತ್ತಾ ಆಚಾರ್ರು, “ಹಸಿ ಮರ ಮಾತ್ರ ಬೇಡ ಮಾರಾಯ್ರೆ. ಒಣಗಿದ ಮೇಲೆ ಬಿರುಕು ಬಿಡ್ತದೆ. ಆಮೇಲೆ ಅಲಗು ಒಂದು ಕಡೆ, ಹಿಡಿ ಒಂದು ಕಡೆ” ಎಂದರು.

ಅಟ್ಟದಲ್ಲಿ ಮುರಿದ ಮಂಚದ ಬೀಟೆ ಕಾಲಿತ್ತು. ಅದಕ್ಕಿಂತ ಒಣಗಿದ ಮರ ಇನ್ನೆಲ್ಲಿ ಸಿಗಬೇಕು? ಗರಗಸ ಆಡಿಸಿದ್ದೇ ತಡ, ಸೀನು ಶುರು. ಬೀಟೆ ಪುಡಿ ಕೆಲವರ ಮೂಗಿಗೆ ಆಗಿಬರುವುದಿಲ್ಲ. ಅಮ್ಮ ಒಪ್ಪಬೇಕಲ್ಲ! “ಅಜ್ಜನ ಮಂಚ ಕಣೋ ಅದು. ಸುಮ್ನೆ ಬಿಡ್ತಾರಾ?” ಮೂಗಿಗೆ ಟವೆಲ್ ಕಟ್ಟಿಕೊಂಡು ಜಗಲಿಯಲ್ಲಿ ಕೂತೆ. ಹಾಲಿನವನು ನನ್ನನ್ನು ನೋಡಿ ಗೇಟಿನಲ್ಲೇ ಹಾಲಿಟ್ಟು ಹೋದ.

ಹಿಡಿ ಕೆತ್ತುವುದು ಕಷ್ಟವಲ್ಲ. ಆದರೆ ಅದನ್ನು ಜಗಲಿಯಲ್ಲಿ ಕೆತ್ತಬಾರದು. ಹೋಗಿಬರುವವರೆಲ್ಲ ಕೈ ಚಾಚುತ್ತಾರೆ, “ಕೊಡಿಲ್ಲಿ, ನೋಡುವಾ.” ಅಪ್ಪಯ್ಯನ ಕೈಗೆ ಸರಿಯಾದದ್ದು ಅಮ್ಮನಿಗೆ ದಪ್ಪ. ಅಮ್ಮನಿಗೆ ಒಪ್ಪಿಗೆಯಾದದ್ದು ನನ್ನ ಹೆಂಡತಿಗೆ ಇನ್ನೂ ದಪ್ಪ. ಅರದಿಂದ ಉಜ್ಜಿ ತೆಗೆಯಬಹುದು, ವಾಪಸ್ ಅಂಟಿಸುವುದಕ್ಕಾಗುವುದಿಲ್ಲ. ಹಾಗಾಗಿ ಈ ವ್ಯವಹಾರದಲ್ಲಿ ಗೆಲ್ಲುವುದು ಯಾವಾಗಲೂ ಸಣ್ಣ ಕೈಯವರೇ. ಅಪ್ಪಯ್ಯ ಬೇಜಾರಾಗಿ, “ಇನ್ನು ಇದು ಹಲ್ಲುಕಡ್ಡಿಗೆ ಆದೀತು” ಎಂದು ಎದ್ದು ಹೋದರು.

ಪಕ್ಕದ ಮನೆಯವರ ಸಲಹೆ ಬೇರೆಯೇ. “ಪೂರ್ತಿ ಗುಂಡಗೆ ಮಾಡಿ, ಚಂದ ಕಾಣ್ತದೆ.” ಚಂದವೇನೋ ಕಾಣುತ್ತದೆ. ಆದರೆ ಗುಂಡಗಿನ ಹಿಡಿ ಒದ್ದೆ ಕೈಯಲ್ಲಿ ತಿರುಗುತ್ತದೆ, ಬಾಯಿ ಯಾವ ಕಡೆಗಿದೆ ಎಂದು ಬೆರಳಿಗೆ ಗೊತ್ತೇ ಆಗುವುದಿಲ್ಲ. ಇದೊಂದು ವಿಷಯದಲ್ಲಿ ನಾನು ಜಗ್ಗಲಿಲ್ಲ. ಎರಡು ಪಕ್ಕ ಚಪ್ಪಟೆ ಮಾಡಿ ಮೊಟ್ಟೆಯಾಕಾರಕ್ಕೆ ತಂದೆ. ಆಮೇಲೆ 120, 220, 400 ನಂಬರಿನ ಉಪ್ಪುಕಾಗದ ಒಂದರ ಹಿಂದೊಂದು. ಕೊನೆಗೆ ಕಪ್ಪು-ಕಂದು ಗೆರೆಗಳು ಎದ್ದು ಬಂದವು ನೋಡಿ, ಸೀನಿದ್ದಕ್ಕೂ ಸಾರ್ಥಕ ಅನ್ನಿಸಿತು.

ಅಲಗಿನ ಹಿಂದಿನ ಚೂಪು ಕಡ್ಡಿಯನ್ನು ಬಚ್ಚಲ ಒಲೆಯಲ್ಲಿ ಕೆಂಪಗೆ ಕಾಯಿಸಿ, ಹಿಡಿಯ ತೂತಿಗೆ ಒತ್ತಬೇಕು. ಬಾಯಿಗೆ ಬಿಸಿ ಹತ್ತಿದರೆ ಹದ ಹೋಗುತ್ತದೆ, ಅದಕ್ಕೇ ಅಲಗಿಗೆ ಒದ್ದೆ ಬಟ್ಟೆ ಸುತ್ತಿದ್ದೆ. ಬುಸ್ಸೆಂದು ಹೊಗೆ ಎದ್ದಿತು. ಒಳಗೆ ತಲೆಗೆ ಸೋಪು ಹಚ್ಚಿಕೊಂಡಿದ್ದ ಅಪ್ಪಯ್ಯ ಅರ್ಧ ಸ್ನಾನದಲ್ಲೇ ಹೊರಗೆ ಬಂದರು. ಅವರ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಇನ್ನು ಅಗಸೆ ಎಣ್ಣೆ ಹಚ್ಚುವುದೊಂದೇ ಬಾಕಿ. ಅದು ಮರದೊಳಗೆ ಇಳಿದು ಒಣಗಿ ಗಟ್ಟಿಯಾಗುತ್ತದೆ, ಕೊಬ್ಬರಿ ಎಣ್ಣೆ ಒಣಗುವುದೇ ಇಲ್ಲ. ಇಷ್ಟನ್ನೂ ಮನೆಯವರಿಗೆಲ್ಲ ವಿವರಿಸಿ, ಪೇಟೆಗೆ ಹೋಗಿ ಎಣ್ಣೆ ತಂದೆ. ಬರುವಷ್ಟರಲ್ಲಿ ಅಮ್ಮ ಅಂಗಳದಲ್ಲಿ ಹಲಸಿನ ಹಣ್ಣು ಕೊಯ್ಯುತ್ತಿದ್ದರು. ಕೈಗೂ ಕತ್ತಿಗೂ ಧಾರಾಳ ಕೊಬ್ಬರಿ ಎಣ್ಣೆ. ಅದರ ಮೇಲೆ ಹಿಡಿ ತುಂಬ ಹಲಸಿನ ಮೇಣ.

“ಚೂರು ಜಾರ್ತಿತ್ತು ಕಣೋ” ಎಂದರು ಅಮ್ಮ, ಕತ್ತಿಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಾ. “ಈಗ ಸರಿಯಾಯ್ತು ನೋಡು.”