ಅಣುತ್ಯಾಜ್ಯ ಬಾಂಬಿನಂತೆ ಸಿಡಿಯುತ್ತದೆಯೇ?

ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಆಗಾಗ ಸುತ್ತುವ ಮೆಸೇಜ್ ಇದು: ಕೈಗಾ ಅಣುಸ್ಥಾವರದಲ್ಲಿ ಇಟ್ಟಿರುವ ಅಣುತ್ಯಾಜ್ಯ ಯಾವತ್ತಾದರೂ ಅಣುಬಾಂಬಿನಂತೆ ಸಿಡಿದು ಬೆಂಗಳೂರನ್ನೂ ಸುಡುತ್ತದೆ.

ಹಾಗೆ ಸಿಡಿಯಲು ಸಾಧ್ಯವಿಲ್ಲ. ಯುರೇನಿಯಂ ಬಾಂಬಿಗೆ ಸಾಮಾನ್ಯವಾಗಿ ಶೇ. 90ರಷ್ಟು ಯುರೇನಿಯಂ-235, ಅಂದರೆ ಸುಲಭವಾಗಿ ಒಡೆಯುವ ಬಗೆಯ ಯುರೇನಿಯಂ, ಬೇಕು. ಕೈಗಾದಲ್ಲಿ ಬಳಸುವ ನೈಸರ್ಗಿಕ ಯುರೇನಿಯಂನಲ್ಲಿ ಅದು ಇರುವುದೇ ಶೇ. 0.7, ಉರಿದ ಮೇಲೆ ಇನ್ನೂ ಕಡಿಮೆ.

ಹಾಗಂತ ಅಪಾಯವೇ ಇಲ್ಲ ಎಂದಲ್ಲ. 1957ರಲ್ಲಿ ಸೋವಿಯತ್ ಒಕ್ಕೂಟದ ಉರಾಲ್ ಪ್ರದೇಶದಲ್ಲಿ ದ್ರವ ತ್ಯಾಜ್ಯದ ಟ್ಯಾಂಕೊಂದು ತಂಪಾಗಿಸುವ ವ್ಯವಸ್ಥೆ ಕೆಟ್ಟು ಸಿಡಿಯಿತು, ಅದು ರಾಸಾಯನಿಕ ಸ್ಫೋಟ, ಆದರೂ ನೂರಾರು ಕಿಲೋಮೀಟರ್ ಉದ್ದಕ್ಕೆ ನೆಲ ಕೆಟ್ಟಿತು. ಈಗ ಇಂಥ ದ್ರವವನ್ನು ಗಾಜಿನ ಜೊತೆ ಕರಗಿಸಿ ಗಟ್ಟಿ ಮಾಡಿ, ಉಕ್ಕಿನ ಡಬ್ಬಿಯಲ್ಲಿ ಇಡುತ್ತಾರೆ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಸ್ಫೋಟದ್ದಲ್ಲ, ಸೋರಿಕೆಯದ್ದು: ಡಬ್ಬಿ ತುಕ್ಕು ಹಿಡಿದರೆ ಅಂತರ್ಜಲಕ್ಕೆ ಏನು ಸೇರುತ್ತದೆ, ಆ ನೀರು ಯಾರ ಬಾವಿಗೆ ಹೋಗುತ್ತದೆ, ಎಷ್ಟು ವರ್ಷದಲ್ಲಿ?

ಇಂಥ ಮೆಸೇಜ್ ಬಂದರೆ ಮೊದಲು ಅದರಲ್ಲಿರುವ ವಿಕಿರಣದ ಅಂಕಿ ನೋಡಿ. ಮೈಗೆ ತಗಲುವ ವಿಕಿರಣವನ್ನು ಸೀವರ್ಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮಿಲಿಸೀವರ್ಟಾ, ಮೈಕ್ರೋಸೀವರ್ಟಾ? ಎರಡಕ್ಕೂ ಸಾವಿರ ಪಟ್ಟು ವ್ಯತ್ಯಾಸ. ಗಂಟೆಗಾ, ವರ್ಷಕ್ಕಾ? ಮಣ್ಣು, ಕಲ್ಲು, ಆಕಾಶದಿಂದ ಎಲ್ಲರಿಗೂ ಸುಮ್ನೆ ಸಿಗುವ ವಿಕಿರಣವೇ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್, ಅದರ ಪಕ್ಕದಲ್ಲಿಟ್ಟು ನೋಡಿ. ಮೆಸೇಜಿನಲ್ಲಿ ಫೋಟೋ ಇದ್ದರೆ ಅದನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಎಷ್ಟೋ ಸಲ ಅದು ಬೇರೆ ದೇಶದ ಹಳೇ ಚಿತ್ರವಾಗಿರುತ್ತದೆ.

ಕಳಿಸಿದವರು ಹೆಚ್ಚಾಗಿ ಮನೆಯವರ ಕಾಳಜಿಯಿಂದಲೇ ಕಳಿಸಿರುತ್ತಾರೆ, ಅಲ್ವಾ? ಗ್ರೂಪಿನಲ್ಲಿ ಜಗಳ ಬೇಡ, ಈ ಅಂಕಿಗಳನ್ನು ಅವರಿಗೇ ಬೇರೆಯಾಗಿ ಕಳಿಸಿ.