ಸ್ಪಷ್ಟನೆ: ಚಿಕ್ಕಬಳ್ಳಾಪುರದಲ್ಲೂ ಮನೆ ಕಟ್ಟಲು ಲೈಸೆನ್ಸ್ ಬೇಕು

‘ತುಮಕೂರು ಮಹಾನಗರ ಪಾಲಿಕೆ, ಅಲ್ಲಿ ಲೈಸೆನ್ಸು, ಸೆಸ್ಸು ಎಲ್ಲ ಕಟ್ಟಬೇಕು. ಚಿಕ್ಕಬಳ್ಳಾಪುರ ಬರೀ ನಗರಸಭೆ, ಖಾತೆ ಇದ್ದರೆ ಸಾಕು, ಪಾಯ ತೋಡಬಹುದು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಬೇರೆಯಾಗಿರುವುದು ಕಾಯ್ದೆ. ತುಮಕೂರಿಗೆ 1976ರ ಮಹಾನಗರ ಪಾಲಿಕೆಗಳ ಕಾಯ್ದೆ, ಚಿಕ್ಕಬಳ್ಳಾಪುರಕ್ಕೆ 1964ರ ಪುರಸಭೆಗಳ ಕಾಯ್ದೆ. ಎರಡರಲ್ಲೂ ಅನುಮತಿ ಪಡೆಯದೆ ಕಟ್ಟುವಂತಿಲ್ಲ. ಖಾತೆ ಆಸ್ತಿ ತೆರಿಗೆಯ ಲೆಕ್ಕಕ್ಕೆ ಇರುವ ದಾಖಲೆ, ಅಷ್ಟೇ.

ಹೆಚ್ಚು ಗೊಂದಲ ಕಾರ್ಮಿಕ ಸೆಸ್‌ನದು. ಅದು ಪಾಲಿಕೆ ಹುಟ್ಟುಹಾಕಿದ ಶುಲ್ಕವಲ್ಲ, 1996ರಲ್ಲಿ ಕೇಂದ್ರ ತಂದದ್ದು. ಹಣ ಹೋಗುವುದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ. ನಿರ್ಮಾಣ ವೆಚ್ಚದ ಶೇ 1ರ ಲೆಕ್ಕದಲ್ಲಿ 60 ಲಕ್ಷದ ಮನೆಗೆ 60,000 ರೂಪಾಯಿ, ಊರು ಯಾವುದಾದರೂ. ಸಣ್ಣ ಸ್ವಂತ ಮನೆಗೆ ವಿನಾಯಿತಿ ಇದೆ. ಅದನ್ನು ನೋಡುವುದು ವೆಚ್ಚದ ಮೇಲೆ, ಊರಿನ ಮೇಲಲ್ಲ.

ನನಗೆ ಬಂದ ಸಂದೇಶದ ಜೊತೆ ಎರಡೂ ಊರಿನ ಶುಲ್ಕ ಹೋಲಿಸಲು ಎರಡು ರಸೀದಿಗಳ ಫೋಟೊ ಇತ್ತು. ಹಿಗ್ಗಿಸಿ ನೋಡಿದರೆ ಒಂದು ಎರಡಂತಸ್ತಿನ ಮನೆಯದು, ಇನ್ನೊಂದು ಬರೀ ನೆಲಮಹಡಿಯದು! ಲೈಸೆನ್ಸ್ ಶುಲ್ಕ ಕಟ್ಟಡದ ವಿಸ್ತೀರ್ಣದ ಮೇಲೆ ಏರುತ್ತದೆ. ಹೋಲಿಸುವುದಾದರೆ ಒಂದೇ ಅಳತೆಯ ಮನೆಗಳನ್ನು ಹೋಲಿಸಿ, ಸೆಸ್ ಸಾಲನ್ನು ಬದಿಗಿಡಿ.